ಪೊದೆಯ ಮೇಲಿನ ಟೋಪಿ

ಕೊಸ್ಕಿ ಕ್ರೀಕ್, ಮಿಷಿಗನ್
ಮಂಗಳವಾರ, ನವೆಂಬರ್ 18

ಪ್ರೀತಿಯ ಡೇಲ್,

ಹೇಗಿದ್ದೀಯ ಮಗನೇ? ಹೋದ ಸಲ ಫೋನು ಮಾಡಿದಾಗ ಕೆಮ್ಮುತ್ತಿದ್ದೆ. ಆ ಕೆಮ್ಮು ಎದೆಯಿಂದ ಬರುತ್ತಿತ್ತೋ ಗಂಟಲಿನಿಂದಲೋ ಎಂದು ಆಮೇಲೆ ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ನಾನು ಹೆಣೆದುಕೊಟ್ಟ ಉಣ್ಣೆಯ ಅಂಗಿಯನ್ನು ಡೆಕ್ಕಿನ ಮೇಲೆ ಹೋಗುವಾಗ ಒಳಗೆ ಹಾಕಿಕೊ. ಪೆಟ್ಟಿಗೆಯಲ್ಲಿ ಮಡಿಸಿಟ್ಟರೆ ಪೆಟ್ಟಿಗೆಗೆ ಬೆಚ್ಚಗಾಗುತ್ತದೆ ಅಷ್ಟೆ. ರೇಡಿಯೋದಲ್ಲಿ ಸುಪೀರಿಯರ್ ಸರೋವರದ ಮೇಲೆ ಬಿರುಗಾಳಿ ಎಂದು ಹೇಳಿದಾಗಲೆಲ್ಲ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಕೇಳುತ್ತೇನೆ. ನಿಮ್ಮಪ್ಪ, "ಅವನದು ಅದಿರು ಹೊರೋ ಹಡಗು ಕಣೇ, ನೀನು ಬಟ್ಟೆ ನೆನೆಸೋ ಟಬ್ಬಲ್ಲ" ಎಂದು ರೇಗಿಸುತ್ತಾನೆ. ರೇಗಿಸುತ್ತಲೇ ಕೈ ಚಾಚಿ ರೇಡಿಯೋದ ಸದ್ದು ಜಾಸ್ತಿ ಮಾಡುತ್ತಾನೆ. ಹಡಗಿನ ಅಡುಗೆಯವನು ಇನ್ನೂ ಎಲ್ಲದಕ್ಕೂ ಟೊಮ್ಯಾಟೊ ಸುರಿಯುತ್ತಾನೆಯೇ? ತಿಂಗಳ ಕೊನೆಗೆ ಹಬ್ಬಕ್ಕೆ ಬರುತ್ತೀಯಲ್ಲ, ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ಆಗಲೇ ತಂದಿಟ್ಟಿದ್ದೇನೆ.

ಮುಂದೆ ಓದುವ ಮೊದಲು ಒಂದು ವಿಷಯ ತಿಳಿದುಕೊ. ನಿಮ್ಮಪ್ಪನಿಗೆ ಏನೂ ಆಗಿಲ್ಲ. ಈಗ ಗ್ಯಾರೇಜಿನಲ್ಲಿ ಪಕ್ಕದ ಮನೆಯ ರೂಡಿ ಮಟ್ಟಿಲಾನ ಜೊತೆ ನಿಂತು ಜಿಂಕೆಯ ತೊಗಲು ಸುಲಿಯುತ್ತಿದ್ದಾನೆ. ಇಬ್ಬರೂ ನಗುವುದು ಅಡುಗೆಮನೆಗೆ ಕೇಳಿಸುತ್ತಿದೆ. ಹೌದು, ಬೇಟೆಯ ಸೀಸನ್ನಿನ ಮೊದಲ ದಿನವೇ, ಶನಿವಾರ ಬೆಳಿಗ್ಗೆ, ಅವನೊಂದು ಒಳ್ಳೆಯ ಗಂಡು ಜಿಂಕೆ ಹೊಡೆದ. ಎಂಟು ಕವಲಿನ ಕೊಂಬು. ಊರಿನವರಿಗೆ ಹೇಳುವಾಗ ಹತ್ತಾಗುತ್ತದೆ, ನೀನು ಬರುವಷ್ಟರಲ್ಲಿ ಎಷ್ಟಾಗುತ್ತದೋ ನೋಡಬೇಕು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಫೋನು ಇರುವುದು ಅವನ ಕುರ್ಚಿಯ ಪಕ್ಕದ ಗೋಡೆಯ ಮೇಲೆ. ನಾನು ಹೇಳಬೇಕಾದದ್ದು ಅವನ ಕಿವಿಗೆ ಬೀಳಬಾರದು. ನಿಮ್ಮ ಹಡಗು ಸೂ ಬಂದರಿನ ಲಾಕ್ ಕಾಲುವೆ ದಾಟುವಾಗ ಈ ಕಾಗದ ನಿನ್ನ ಕೈ ಸೇರುತ್ತದೆ ಎಂದು ಪೋಸ್ಟಾಫೀಸಿನ ಲೆಂಪಿ ಹೇಳಿದ್ದಾಳೆ. ಒಬ್ಬನೇ ಇರುವಾಗ ಓದು.

ಅಕ್ಟೋಬರಿನಲ್ಲಿ ಹೊರಡುವ ಮುಂಚೆ ನೀನು ನನ್ನನ್ನು ಹಬೆಸ್ನಾನದ ಸೌನಾ ಮನೆಯ ಹಿಂದಕ್ಕೆ ಕರೆದು ಹೇಳಿದ್ದು ನೆನಪಿದೆಯಲ್ಲ? "ಅಮ್ಮಾ, ಈ ಸಲ ಅಪ್ಪ ನೆಲದ ಮೇಲೆ ಕೂರದ ಹಾಗೆ ನೋಡ್ಕೊ. ಮರದ ಮೇಲಿನ ಅಟ್ಟಣೆಯಿಂದ ಹೊಡೆದ ಗುಂಡು ಮಣ್ಣಿಗೆ ಹೋಗುತ್ತೆ. ನೆಲದ ಮೇಲೆ ಕೂತವನು ಊರಿನವರೆಲ್ಲರ ಗುಂಡಿನ ಎತ್ತರಕ್ಕೇ ಇರ್ತಾನೆ." ನಾನು ಆಗಲಿ ಎಂದೆ. ಆಗಲಿ ಎನ್ನುವುದು ಸುಲಭ. ಆ ವಾರವೇ ಡಾಕ್ಟರು ಅವನ ಮಂಡಿ ನೋಡಿ, ಇನ್ನು ಏಣಿಯ ಮಾತೇ ಬೇಡ ಎಂದುಬಿಟ್ಟರು. ನೀನು ಕಟ್ಟಿಕೊಟ್ಟ ಅಟ್ಟಣೆಗೆ ಹತ್ತುವಂತಿಲ್ಲ, ನೆಲದ ಮೇಲೆ ಕೂರುವಂತಿಲ್ಲ. ಉಳಿದದ್ದು ಮನೆಯ ಕುರ್ಚಿ. ಈ ಒಂದು ವರ್ಷ ಮನೆಯಲ್ಲೇ ಇರು ಎಂದೆ. ಅವನು ಎದ್ದು ಗ್ಯಾರೇಜಿಗೆ ಹೋದ. ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು ಹೇಳಿದ: "ಗಣಿ ಮುಚ್ಚಿದ್ರು. ಕಣ್ಣು ಸರಿಯಿಲ್ಲ ಅಂತ ಲಾರಿ ಲೈಸೆನ್ಸ್ ತಗೊಂಡ್ರು. ಈಗ ನೀವಿಬ್ರೂ ಸೇರ್ಕೊಂಡು ಬೇಟೆಯ ನವೆಂಬರನ್ನೂ ತಗೊಳ್ಳಿ." ಹಾಗಾದರೆ ನಾನೂ ನಿನ್ನ ಜೊತೆ ಬರುತ್ತೇನೆ ಎಂದೆ. ನಾನಿದ್ದರೆ ಅವನನ್ನು ಕಾಯಬಹುದು ಎಂದುಕೊಂಡೆ ನೋಡು, ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಒಳಗೆ ಕೂತು ಹೊಡೆಯಲೆಂದು ನೀನು ಕಳಿಸಿದ ಮಡಿಸುವ ಡೇರೆ, ಅದೇ ಮೇಲೆ ಕಿತ್ತಳೆ ಪಟ್ಟಿ ಇರುವುದು, ಹಿಮ ತಳ್ಳುವ ಯಂತ್ರಕ್ಕೆ ಹೊದಿಕೆಯಾಗಿದೆ. "ನಾನು ಬೇಟೆಗೆ ಹೋಗ್ತಿರೋದು, ಸರ್ಕಸ್ಸಿಗಲ್ಲ" ಎಂದ. ಮೈಮೇಲೆ ಅದೇ ನಿಮ್ಮಜ್ಜನ ಉಣ್ಣೆಯ ಕೋಟು. ಒಂದು ಕಾಲದಲ್ಲಿ ಅದರ ಚೌಕಳಿ ಕೆಂಪಾಗಿತ್ತಂತೆ, ಈಗ ಒದ್ದೆಯಾದರೆ ಜಿಂಕೆಯ ತೊಗಲಿಗೂ ಅದಕ್ಕೂ ವ್ಯತ್ಯಾಸ ಹೇಳಲು ಹತ್ತಿರ ಹೋಗಿ ಮೂಸಬೇಕು. ಬೇರೆ ಬೇಟೆಗಾರರ ಕಣ್ಣಿಗೆ ಬೀಳುವ ಹಾಗೆ ಮೇಲೊಂದು ಕಿತ್ತಳೆ ಅಂಗಿ ಹಾಕಿಕೊ ಎಂದರೆ, "ಟೋಪಿ ಸಾಕು ಅಂತ ಕಾನೂನೇ ಹೇಳುತ್ತೆ. ಟೋಪಿ ಹಾಕಿದೀನಿ. ನಡಿ" ಎಂದ. ಆ ಟೋಪಿಯಾದರೂ ಕಣ್ಣು ಕುಕ್ಕುವಷ್ಟು ಕಿತ್ತಳೆ, ಅದನ್ನು ಒಪ್ಪಬೇಕು. ನಾನು ಮಾಂಸ, ಗೆಡ್ಡೆ ತುಂಬಿ ಸುಟ್ಟ ಪ್ಯಾಸ್ಟಿ ಕಟ್ಟಿಕೊಂಡು ಹೊರಟೆ.

ತೊರೆಯ ಈಚೆ ದಿಬ್ಬದ ಮೇಲೆ ಸಿಡಿಲು ಹೊಡೆದ ಪೈನ್ ಮರದ ಬೊಡ್ಡೆ ನನ್ನ ಜಾಗ. ಆಚೆ ಕಡೆ ದೊಡ್ಡ ಸೀಡರ್ ಮರದ ಬುಡ ಅವನ ಜಾಗ. ನಡುವೆ ಆ ಹಾಳು ಆಲ್ಡರ್ ಪೊದೆಗಳು. ಪೊದೆಗಳ ಎಡತುದಿ ಅವನದು, ಬಲತುದಿ ನನ್ನದು, ಅದಲುಬದಲಿಲ್ಲ. ಒಬ್ಬರು ಹೊಡೆದರೆ ಇನ್ನೊಬ್ಬರು ಕೂಗು ಕೇಳುವವರೆಗೆ ಜಾಗ ಬಿಟ್ಟು ಕದಲುವಂತಿಲ್ಲ. ಮದುವೆಯಾದ ಮೊದಲ ಚಳಿಗಾಲದಲ್ಲಿ ಅವನೇ ನನಗೆ ಕಲಿಸಿದ ನಿಯಮಗಳು ಇವು. ಶನಿವಾರ ಬೆಳಿಗ್ಗೆ ಮತ್ತೆ ಒಂದೊಂದಾಗಿ ಹೇಳಿಸಿದ, ನಾನೇನೋ ಹೊಸದಾಗಿ ಬಂದವಳ ಹಾಗೆ. ನಾನೂ ಒಪ್ಪಿಸಿದೆ. ಸಣ್ಣಗೆ ಹಿಮ ಉದುರುತ್ತಿತ್ತು, ಆಕಾಶ ಬೂದಿಬಣ್ಣಕ್ಕಿತ್ತು.

ಬೆಳಕು ಪೂರ್ತಿ ಬಂದ ಸ್ವಲ್ಪ ಹೊತ್ತಿಗೆ ಅವನ ಬಂದೂಕು ಒಮ್ಮೆ ಸದ್ದು ಮಾಡಿತು. ಪೊದೆಗಳೊಳಗೆ ಏನೋ ನುಗ್ಗಿದ್ದು ಕೇಳಿಸಿತು, ಆಮೇಲೆ ಏನಿಲ್ಲ. ಕೂಗು ಬರಲಿಲ್ಲ. ಅಂದರೆ ಜಿಂಕೆ ಬಿದ್ದಿಲ್ಲ, ಗಾಯವಾಗಿ ಓಡಿದೆ, ಅವನು ಕಾದು ಆಮೇಲೆ ನೆತ್ತರಿನ ಜಾಡು ಹಿಡಿಯುತ್ತಾನೆ ಎಂದುಕೊಂಡೆ. ಹಾಗೆಯೇ ಆಯಿತು. ಬಹಳ ಹೊತ್ತಿನ ಮೇಲೆ ಮರಗಳ ಸಂದಿಯಲ್ಲಿ ಅವನ ಟೋಪಿ ನಿಧಾನವಾಗಿ ಚಲಿಸುವುದು ಕಾಣಿಸಿತು. ಪೊದೆಗಳ ಎಡತುದಿಗೆ ಬಂದು ನಿಂತಿತು. ಅಲ್ಲೇ ನಿಂತುಬಿಟ್ಟಿತು. ಮಂಡಿಗೆ ಬಿಡುವು ಕೊಡುತ್ತಿದ್ದಾನೆ, ಪೈಪು ಹಚ್ಚಿಕೊಳ್ಳುತ್ತಿರಬೇಕು, ಸದ್ಯ ಬುದ್ಧಿ ಬಂತು ಎಂದು ನನಗೆ ಸಮಾಧಾನವೇ ಆಯಿತು. ಅವನನ್ನು ಕಾಯಲೆಂದು ಬಂದವಳಲ್ಲವೇ, ಆಗಾಗ ಆ ಕಿತ್ತಳೆಯ ಕಡೆ ಕಣ್ಣು ಹಾಯಿಸುತ್ತಿದ್ದೆ. ಅದು ಅಲ್ಲಿರುವವರೆಗೆ ನಿಮ್ಮಪ್ಪ ಅಲ್ಲಿದ್ದಾನೆ. ಉಳಿದ ಕಾಡಿನಲ್ಲಿ ಮನುಷ್ಯರಿಲ್ಲ.

ಆಗ ಬಲತುದಿಯಲ್ಲಿ, ನನ್ನ ಪಾಲಿನ ಕಡೆಯಲ್ಲಿ, ಏನೋ ಅಲುಗಿತು. ಕಂದು ಬಣ್ಣ. ತಗ್ಗಾಗಿ, ಬೆನ್ನು ಬಾಗಿಸಿಕೊಂಡು, ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ಮತ್ತೆ ಎರಡು ಹೆಜ್ಜೆ. ಗಾಯವಾದ ಜಿಂಕೆ ನಡೆಯುವುದೇ ಹಾಗೆ. ಒಂದು ತುದಿಯಲ್ಲಿ ಬೆಳ್ಳಗೆ ಮಿಂಚಿ ಮರೆಯಾಯಿತು. ಬಾಲ ಎಂದುಕೊಂಡೆ. ನಿಮ್ಮಪ್ಪನ ಜಿಂಕೆ ಸುತ್ತುಹಾಕಿ ನೀರಿನ ಕಡೆಗೆ ಬಂದಿದೆ, ಅವನು ಅಲ್ಲಿ ನಿಂತು ಪೈಪು ಸೇದುತ್ತಿದ್ದಾನೆ, ಇದು ಇಲ್ಲಿ ನರಳುತ್ತಿದೆ. ಹೊಡೆಯುವ ಮುಂಚೆ ಇನ್ನೊಮ್ಮೆ ಎಡಗಡೆ ನೋಡಿದೆ ಡೇಲ್, ಅದನ್ನು ನೀನು ನಂಬಬೇಕು. ಕಿತ್ತಳೆ ಅಲ್ಲೇ ಇತ್ತು. ಸರಿ ಎಂದು ಬಂದೂಕು ಎತ್ತಿದೆ. ಕೊರಳಲ್ಲಿ ದುರ್ಬೀನು ನೇತಾಡುತ್ತಿತ್ತು, ಮೊದಲು ಅದರಲ್ಲಿ ನೋಡಬೇಕು, ಏನೆಂದು ತಿಳಿಯಲು ಬಂದೂಕನ್ನೇ ಅದರತ್ತ ಹಿಡಿಯಬಾರದು. ಅದು ಚಿಕ್ಕವನಿದ್ದಾಗಲೇ ನಿನಗೂ ಗೊತ್ತಿದ್ದ ಮಾತು. ನಾನು ನೋಡಲಿಲ್ಲ. ಏನೆಂದು ನನಗೆ ಗೊತ್ತಿತ್ತಲ್ಲ. ಗುಂಡು ಹಾರದಂತೆ ತಡೆಯುವ ಸೇಫ್ಟಿಯನ್ನು ಮುಂದಕ್ಕೆ ತಳ್ಳಿದೆ. ಕೊಂಬೆಗಳ ನಡುವೆ ಆ ಕಂದು ಮೈಯ ಭುಜದ ಹಿಂದಿನ ಜಾಗ ಸಿಕ್ಕಿತು, ಉಸಿರು ಅರ್ಧ ಬಿಟ್ಟು ಹಿಡಿದೆ. ನಮ್ಮ ಕಡೆ ಈ ಸಲ ಹೆಣ್ಣು ಹೊಡೆಯಲು ಪರವಾನಗಿ ಇಲ್ಲ. ಇದು ಅವನು ಹೊಡೆದ ಗಂಡೋ, ದಾರಿ ತಪ್ಪಿ ಬಂದ ಹೆಣ್ಣೋ, ತಲೆ ಎತ್ತಲಿ, ಕೊಂಬು ಕಾಣಲಿ ಎಂದು ಕಾದೆ.

ಆಗ ಆ ಜಿಂಕೆ ಸೊಂಟದ ಮೇಲೆ ಕೈ ಇಟ್ಟುಕೊಂಡಿತು.

ಇಟ್ಟುಕೊಂಡು, ಕುರ್ಚಿಯಿಂದ ಏಳುವಾಗ ನಿಮ್ಮಪ್ಪ ಹೇಗೆ ಎಡಕ್ಕೊಮ್ಮೆ ವಾಲಿ ನೆಟ್ಟಗಾಗುತ್ತಾನೋ ಹಾಗೆ ನೆಟ್ಟಗಾಯಿತು. ಬಿಳಿಯ ತಲೆ, ಬರಿದಲೆ. ಬಂದೂಕಿನ ಗಾಜಿನೊಳಗೆ ಅವನ ಕಿವಿ ಚಳಿಗೆ ಕೆಂಪಾಗಿದ್ದದ್ದು ಕೂಡ ಕಂಡಿತು. ನಾನು ಬೆರಳು ಹೇಗೆ ತೆಗೆದೆನೋ, ಸೇಫ್ಟಿ ಯಾವಾಗ ಹಿಂದಕ್ಕೆ ಎಳೆದೆನೋ ತಿಳಿಯದು. ಹಿಮದ ಮೇಲೆ ಕೂತಿದ್ದೆ.

ಏನಾಯಿತೆಂದು ನಿನಗೆ ಗೊತ್ತಾಗಿರಬೇಕು. ಎಡತುದಿಯ ಹುಲ್ಲಿನಲ್ಲಿ ನೆತ್ತರಿನ ಜಾಡು ತಪ್ಪಿಹೋಗಿದೆ. ಕೊನೆಯ ಹನಿ ಕಂಡ ಕಡೆ ಟೋಪಿ ತೆಗೆದು ಪೊದೆಗೆ ನೇತುಹಾಕಿದ್ದಾನೆ, ಮತ್ತೆ ಅಲ್ಲಿಗೇ ಬಂದು ಶುರುಮಾಡಬಹುದು ಎಂದು. ನಿಮ್ಮಜ್ಜ ಹಾಗೆ ಮಾಡುತ್ತಿದ್ದ, ರೂಡಿ ಮಾಡುತ್ತಾನೆ, ನೀನೂ ಮಾಡಿದ್ದನ್ನು ನಾನು ನೋಡಿದ್ದೇನೆ, ನಾನೂ ಮಾಡಿದ್ದೇನೆ. ಇಡೀ ಊರು ಮಾಡುವ ಕೆಲಸ, ಒಬ್ಬರಿಗೂ ಇದು ಹೊಳೆದಿಲ್ಲ. ಟೋಪಿಯನ್ನು ಅಲ್ಲಿ ಬಿಟ್ಟು ಬರಿದಲೆಯಲ್ಲಿ ನೆಲ ನೋಡುತ್ತಾ ಸುತ್ತುಹಾಕಿಕೊಂಡು ನನ್ನ ಪಾಲಿನೊಳಗೆ ಬಂದಿದ್ದಾನೆ. ಆ ಟೋಪಿ ಇರದೇ ಇದ್ದಿದ್ದರೆ ಅವನೆಲ್ಲಿ ಎಂದು ನಾನು ಹುಡುಕುತ್ತಿದ್ದೆ. ಅದು ಇತ್ತು, ಅದಕ್ಕೇ ಹುಡುಕಲಿಲ್ಲ.

ಜಿಂಕೆ ಅಲ್ಲಿಂದ ಸ್ವಲ್ಪ ಮುಂದೆಯೇ ಸತ್ತು ಬಿದ್ದಿತ್ತು. ಅವನು ಖುಷಿಯಿಂದ ಕೂಗಿದ. ನಾನು ದಿಬ್ಬ ಇಳಿದು ಹೋದೆ. ದಾರಿಯಲ್ಲಿ ಒಂದು ಮರ ಹಿಡಿದುಕೊಂಡು ವಾಂತಿ ಮಾಡಿದೆ. "ಪ್ಯಾಸ್ಟಿಗೆ ಅಷ್ಟು ಗೆಡ್ಡೆ ಹಾಕಬೇಡ ಅಂತ ಎಷ್ಟು ಸಲ ಹೇಳಿಲ್ಲ ನಿನಗೆ" ಎಂದ. ಹೋಗಿ ಟೋಪಿ ತಂದು ತಲೆಗೆ ಹಾಕಿಕೊಂಡು, ಜಿಂಕೆಯ ಪಕ್ಕ ಕೂತು, "ಹೇಳು ನಿನ್ನ ಮಗನಿಗೆ, ನೆಲದ ಮೇಲೆ ಕೂತು ಹೊಡೆದದ್ದು ಅಂತ. ಜೀವನೂ ಇದೆ ಅಂತ" ಎಂದ. ನಾನು ಹಗ್ಗ ಹಿಡಿದು ಎಳೆದೆ. ಗಾಡಿಯವರೆಗೂ ಅವನು ಮಾತಾಡುತ್ತಲೇ ಇದ್ದ, ನನಗೆ ಅವನ ಬೆನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ.

ಅವನಿಗೆ ಹೇಳಿಲ್ಲ. ಮೂರು ದಿನದಿಂದ ಅವನ ಎದುರು ಕೂತು ಉಣ್ಣುತ್ತಿದ್ದೇನೆ, ಹಾಸಿಗೆಯಲ್ಲಿ ಅವನ ಗೊರಕೆ ಕೇಳುತ್ತಿದ್ದೇನೆ, ಬಾಯಿ ಬರುತ್ತಿಲ್ಲ. ನೀನು ನನ್ನನ್ನು ಸಮಾಧಾನ ಮಾಡಲು ಬರೆಯುತ್ತೀಯ ಎಂದು ಗೊತ್ತು, ಅಮ್ಮಾ ನೀನು ಹೊಡೆಯಲಿಲ್ಲವಲ್ಲ, ಕಾದೆಯಲ್ಲ ಎಂದು. ನಾನು ಕಾದದ್ದು ಕೊಂಬಿಗೆ. ಮನುಷ್ಯನಿರಬಹುದೇ ಎಂದು ಒಂದು ಗಳಿಗೆಯೂ ಅನ್ನಿಸಿರಲಿಲ್ಲ. ಈ ವರ್ಷ ಹೆಣ್ಣಿಗೂ ಪರವಾನಗಿ ಇದ್ದಿದ್ದರೆ ನಾನು ಇವತ್ತು ನಿನಗೆ ಬೇರೆ ಕಾಗದ ಬರೆಯುತ್ತಿದ್ದೆ. ಅದೇ ನನ್ನನ್ನು ತಿನ್ನುತ್ತಿದೆ ಮಗನೇ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಗುತ್ತಿದೆ.

ಈಗ ಕೇಳು. ಹಬ್ಬದ ನಂತರದ ಶನಿವಾರಕ್ಕೆ ಅವನು ಆಗಲೇ ಯೋಜನೆ ಹಾಕಿಬಿಟ್ಟಿದ್ದಾನೆ. ನೀನು ಜೌಗಿನ ಕಡೆಯಿಂದ ಆ ಪೊದೆಗಳೊಳಗೆ ನಡೆದು ಜಿಂಕೆಗಳನ್ನು ಎಬ್ಬಿಸಬೇಕು, ಈಚೆ ನಾವಿಬ್ಬರೂ ನೆಲದ ಮೇಲೆ ಬಂದೂಕು ಹಿಡಿದು ಕೂತಿರಬೇಕು. ಅದೇ ಕೋಟು, ಅದೇ ಟೋಪಿ, ಅದೇ ಅಭ್ಯಾಸ. ನಡೆದದ್ದು ಹೇಳಿದರೆ ಅವನು ಬಂದೂಕು ಕೆಳಗಿಡುತ್ತಾನೆ, ನನಗೆ ಅವನು ಗೊತ್ತು. ನನ್ನನ್ನು ಒಂದು ಮಾತೂ ಅನ್ನುವುದಿಲ್ಲ. ಆ ಕುರ್ಚಿಯಲ್ಲಿ ಕೂತುಬಿಡುತ್ತಾನೆ, ಮತ್ತೆ ಏಳುವುದಿಲ್ಲ. ಅವನ ನವೆಂಬರ್ ನಾನೇ ಕಿತ್ತುಕೊಂಡ ಹಾಗೆ. ಹೇಳದೆ ಸುಮ್ಮನಿದ್ದರೆ ಆ ಶನಿವಾರ ನಮ್ಮ ಮೂವರಲ್ಲಿ ಯಾರು ಯಾರನ್ನು ಹೊಡೆಯುತ್ತೇವೋ. ಅದಕ್ಕೇ ನೀನೊಂದು ಸುಳ್ಳು ಹೇಳಬೇಕು. ಹಡಗಿನಲ್ಲಿ ವಿಸ್ಕಾನ್ಸಿನ್ ಕಡೆಯವನೊಬ್ಬ ಇದ್ದಾನೆ, ಅವನ ಮಾವನಿಗೆ ಹೀಗಾಯಿತಂತೆ, ಟೋಪಿ ಪೊದೆಗೆ ಹಾಕಿ ಬರಿದಲೆಯಲ್ಲಿ ಹೋದನಂತೆ ಎಂದು ಊಟದ ಹೊತ್ತಿನಲ್ಲಿ ಹೇಳು. ಮಾವ ಸತ್ತ ಎಂದೇ ಹೇಳು, ಇಲ್ಲದಿದ್ದರೆ ನಿಮ್ಮಪ್ಪ ಕಿವಿಗೆ ಹಾಕಿಕೊಳ್ಳುವುದಿಲ್ಲ. ನನ್ನ ಮುಖ ನೋಡಬೇಡ ಹೇಳುವಾಗ. ನಾನು ಆ ಹೊತ್ತಿಗೆ ಬ್ರೆಡ್ಡು ತರಲು ಎದ್ದು ಹೋಗುತ್ತೇನೆ.

ರೂಡಿ ನಿನ್ನನ್ನು ಕೇಳಿದ. ಲೆಂಪಿಗೆ ಮೊಮ್ಮಗಳು ಹುಟ್ಟಿದ್ದಾಳೆ. ಕೆಮ್ಮಿಗೆ ಜೇನು ಹಾಕಿದ ಬಿಸಿನೀರು ಕುಡಿ. ಗಾಳಿ ಇರುವಾಗ ಡೆಕ್ಕಿನ ಮೇಲೆ ಹಗ್ಗ ಕಟ್ಟಿಕೊಳ್ಳದೆ ನಡೆಯಬೇಡ, ಯಾರು ನಕ್ಕರೂ ಸರಿ. ನಿನ್ನನ್ನು ಆ ನೀರಿನಿಂದ ದೇವರು ನಮ್ಮ ಬಾಗಿಲಿಗೆ ಒಣಗಿದ ಬಟ್ಟೆಯಲ್ಲಿ ತಂದು ನಿಲ್ಲಿಸಲಿ.

ನಿನ್ನನ್ನು ನೋಡಲು ಕಾದಿರುವ
ಅಮ್ಮ,
ಹಿಲ್ಯಾ

ಪುನಶ್ಚ: ಅವಸರದಲ್ಲಿ ಬರೆಯುತ್ತಿದ್ದೇನೆ, ಲೆಂಪಿ ಚೀಲ ಕಟ್ಟುವ ಹೊತ್ತಾಯಿತು. ಮೇಲೆ ಬರೆದ ಸುಳ್ಳು ಹೇಳಬೇಡ. ರೂಡಿ ಮನೆಗೆ ಹೋದ ಮೇಲೆ ನಿಮ್ಮಪ್ಪ ಕಾಫಿಗೆ ಒಳಗೆ ಬಂದ. ಹಬ್ಬದ ದಿನ ಎಲ್ಲರೆದುರು ನಿನ್ನ ಅಟ್ಟಣೆಯನ್ನು ಹರಾಜು ಹಾಕುತ್ತೇನೆ, ನೆಲಕ್ಕಿಂತ ಭದ್ರವಾದ ಜಾಗ ಇಲ್ಲ ಎಂದು ನಗುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ನೀನು ಟೋಪಿ ಪೊದೆಗೆ ಹಾಕಿ ಬಗ್ಗಿಕೊಂಡು ಬರುವಾಗ ನಾನು ನಿನ್ನ ಮೇಲೆ ಬಂದೂಕು ಇಟ್ಟಿದ್ದೆ, ತೌನೊ" ಎಂದು ಅವನಿಗೆ ಹೇಳಿಬಿಟ್ಟೆ. ಅವನು ಬಸಿಗೆ ಕಾಫಿ ಸುರಿದುಕೊಳ್ಳುತ್ತಿದ್ದ, ಹಾಗೇ ನಿಂತ. "ಸೇಫ್ಟಿ?" ಎಂದ. ತೆಗೆದಿದ್ದೆ ಎಂದೆ. "ಎಲ್ಲಿಗೆ ಹಿಡಿದಿದ್ದೆ?" ಎಂದ. ಎದ್ದುಹೋಗಿ ಅವನ ಅಂಗಿಯ ಮೇಲೆ, ಭುಜದ ಹಿಂದೆ, ಬೆರಳಿಟ್ಟು ತೋರಿಸಿದೆ. ಕತ್ತು ತಿರುಗಿಸಿ ನನ್ನ ಬೆರಳನ್ನು ನೋಡಿದ. "ಸರಿಯಾದ ಜಾಗ. ನಾನೇ ಕಲಿಸಿದ್ದಲ್ವಾ" ಎಂದ. ಬಸಿ ವಾಲಿ ಕಾಫಿಯೆಲ್ಲ ಮೇಜಿನ ಮೇಲೆ ಚೆಲ್ಲಿತು. ನಾನು ಅತ್ತೆ. ಇನ್ನು ಬಂದೂಕು ಮುಟ್ಟುವುದಿಲ್ಲ ಎಂದೆ. ಅವನು ನನ್ನ ನೀಲಿ ಕೈವಸ್ತ್ರ ತೆಗೆದುಕೊಂಡು ಮೇಜು ಒರೆಸಿದ. ಆಮೇಲೆ ಅದನ್ನೇ ಉದ್ದುದ್ದ ಪಟ್ಟಿಗಳಾಗಿ ಹರಿದು ಕೋಟಿನ ಜೇಬಿಗೆ ತುಂಬಿಕೊಂಡ. ನೆತ್ತರಿನ ಗುರುತಿಗೆ ಇನ್ನು ಇದು, ಟೋಪಿ ತಲೆಯ ಮೇಲೇ ಇರುತ್ತದೆ ಎಂದ. ಹೊಸ ಕೈವಸ್ತ್ರ ಕಣೋ ಅದು. ಕಿತ್ತಳೆ ಅಂಗಿ ತಾ, ಅಜ್ಜನ ಕೋಟಿನ ಮೇಲೆ ಹಿಡಿಸುವಷ್ಟು ದೊಡ್ಡದು. ಅವನು ಕೇಳಿದ್ದಾನೆ, ಆದರೆ ನಿನಗೇ ಹೊಳೆದು ತಂದ ಹಾಗೆ ತಾ. ಶನಿವಾರ ನಾನಿಲ್ಲದೆ ಕಾಡಿಗೆ ಕಾಲಿಡುವುದಿಲ್ಲವಂತೆ. "ನಿನ್ನನ್ನು ಉಳಿಸಿದ್ದು ನಾನಲ್ಲ, ನಿನ್ನ ಸೊಂಟನೋವು" ಎಂದೆ. ಅದಕ್ಕವನು, "ಸೊಂಟನೋವು ಎಲ್ಲಿ ಹೋದ್ರೂ ನನ್ನ ಜೊತೆಗೇ ಇರುತ್ತೆ. ಆ ಕೈ ನೋಡಿದ ಕೂಡಲೇ ಇದು ತೌನೊ ಅಂತ ಗೊತ್ತಾಗೋಳು ಈ ಕಾಡಲ್ಲಿ ಇನ್ಯಾರಿದ್ದಾರೆ?" ಎಂದ. ಬರುತ್ತೇನೆ ಎಂದಿದ್ದೇನೆ ಡೇಲ್.